ಫೋನು ಅದರ ಹೊಟ್ಟೆಗೆ ಹಿಡೀರಿ

ಕನ್ನಡಕದ ಅಂಗಡಿಯಿಂದ,
ಬುಧವಾರ, ಮಾರ್ಚ್ ಹನ್ನೆರಡು

ಪ್ರೀತಿಯ ರಿಪೇರಿ ಮೇಡಂಗೆ,

ನಿನ್ನ ಕಾಗದ ಬಂದು ತಿಂಗಳಾಗುತ್ತಾ ಬಂತು. ಉತ್ತರವಿಲ್ಲದೆ ಕೂತಿದ್ದಕ್ಕೆ ಮನಸ್ಸಿನಲ್ಲೇ ಬೈದುಕೊಂಡಿರುತ್ತೀಯ. ಬೈದುಕೋ, ಈ ಸಲ ನಾನು ವಾದ ಮಾಡುವುದಿಲ್ಲ. ನಾವೆಲ್ಲ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಕೆಲಸವಿದ್ದಾಗ ಜಾಸ್ತಿ, ಟೀವಿ ನೋಡುವಾಗ ಕಮ್ಮಿ. ನಮ್ಮ ಸ್ಪ್ರಿಂಗು ಮುಂದಿನ ಇನ್ನೊಂದು ಹಲ್ಲನ್ನೂ ಬೀಳಿಸಿಕೊಂಡಿದ್ದಾಳೆ. ನಿಂತಲ್ಲಿ ನಿಲ್ಲುವುದಿಲ್ಲವೆಂದು ನೀನು ಮಗಳಿಗೆ ಆ ಹೆಸರಿಟ್ಟು ಹೋದೆಯಲ್ಲ, ಅವಳು ಇವತ್ತಿಗೂ ಅದನ್ನು ಉಳಿಸಿಕೊಂಡು ಬಂದಿದ್ದಾಳೆ.

ನೀನು ಕೇಳಿದ್ದು ಒಂದೇ ಪ್ರಶ್ನೆ. ಇಲ್ಲಿಯ ಕೆಲಸದ ಒಪ್ಪಂದ ಮುಗಿಯುತ್ತಾ ಬಂತು, ಇನ್ನೆರಡು ವರ್ಷ ಇರಿ ಅಂತ ಕಂಪನಿಯವರು ಕಾಗದ ಕೊಟ್ಟಿದ್ದಾರೆ, ಸಹಿ ಹಾಕಲಾ, ಬೇಡವಾ? “ಫೋನಲ್ಲಿ ಮಾತ್ರ ಹೇಳ್ಬೇಡಿ. ಫೋನಲ್ಲಿ ನೀವು ಎಲ್ಲದಕ್ಕೂ ಹೂಂ ಅಂತೀರಿ. ಕೂತ್ಕೊಂಡು, ಯೋಚನೆ ಮಾಡಿ, ಬರೆದು ಕಳಿಸಿ” ಅಂತ ಬೇರೆ ಬರೆದಿದ್ದೀಯ. ಅದಕ್ಕೇ ಕೂತಿದ್ದೇನೆ. ಮಧ್ಯಾಹ್ನ ಗಿರಾಕಿಗಳು ಕಮ್ಮಿ. ಗಾಜು ಉಜ್ಜುವ ಯಂತ್ರ ಒಂದು ಮೂಲೆಯಲ್ಲಿ ತನ್ನ ಪಾಡಿಗೆ ಗುರ್ ಅನ್ನುತ್ತಿದೆ, ನಾನು ಕೌಂಟರಿನ ಮೇಲೆ ಫ್ರೇಮುಗಳನ್ನು ಪಕ್ಕಕ್ಕೆ ಸರಿಸಿ ಬರೆಯುತ್ತಿದ್ದೇನೆ.

ಬೆಳಗಿನಿಂದ ಸಂಜೆಯವರೆಗೆ ಜನರ ಕಣ್ಣ ಮುಂದೆ ಒಂದೊಂದೇ ಗಾಜು ಹಾಕಿ “ಇದರಲ್ಲಿ ಚೆನ್ನಾಗಿ ಕಾಣುತ್ತಾ, ಅದರಲ್ಲಾ?” ಅಂತ ಕೇಳುವುದು ನನ್ನ ಕೆಲಸ. ಕೆಲವರು ಎರಡೂ ಒಂದೇ ಥರ ಅನ್ನುತ್ತಾರೆ. ನನಗೆ ರೇಗಿಹೋಗುತ್ತದೆ, ಇದೇನು ಮನುಷ್ಯರು, ಸ್ವಂತ ಕಣ್ಣಿಗೆ ಯಾವುದು ಸರಿ ಅಂತ ಹೇಳಲಿಕ್ಕಾಗುವುದಿಲ್ಲವೇ ಅಂತ. ಈಗ ನಿನ್ನ ಪ್ರಶ್ನೆ ಮುಂದಿಟ್ಟುಕೊಂಡು ನಾನೇ ಹಾಗೆ ಕೂತಿದ್ದೇನೆ.

ಇರಲಿ, ಮೊದಲು ಮನೆಯ ಸಾಮಾನುಗಳ ಕಥೆ ಹೇಳಿಬಿಡುತ್ತೇನೆ. ಅದನ್ನು ಹೇಳದೆ ನಿನ್ನ ಪ್ರಶ್ನೆಗೆ ಬರಲು ನನಗೆ ಆಗುವುದಿಲ್ಲ. ಫೋನಿನಲ್ಲಿ ಕೆಲವನ್ನು ಹೇಳಿದ್ದೇನೆ, ಕೆಲವನ್ನು ನುಂಗಿಕೊಂಡಿದ್ದೇನೆ.

ನೀನು ಹೊರಟ ಹೊಸದರಲ್ಲಿ ಮನೆಯ ಸಾಮಾನುಗಳೆಲ್ಲ ಒಳಗೊಳಗೇ ಮಾತಾಡಿಕೊಂಡವರ ಹಾಗೆ ಒಂದರ ಹಿಂದೊಂದು ಕೈಕೊಟ್ಟವು ನೆನಪಿದೆಯಾ? ಮಿಕ್ಸಿ ಕಿರುಚಿತು. ಇಸ್ತ್ರಿ ಪೆಟ್ಟಿಗೆ ತಣ್ಣಗೆ ಕೂತಿತು. ಟೀವಿಯಲ್ಲಿ ಮಾತು ಬರುತ್ತಿತ್ತು, ಮುಖ ಬರುತ್ತಿರಲಿಲ್ಲ. ಮದುವೆಯಾದಾಗಿನಿಂದ ನಮ್ಮ ಮನೆಯಲ್ಲಿ ಯಾವುದಕ್ಕೂ ರಿಪೇರಿಯವರನ್ನು ಕರೆದದ್ದೇ ಇಲ್ಲ. ಸ್ಕ್ರೂಡ್ರೈವರನ್ನು ಯಾವ ಕಡೆಯಿಂದ ಹಿಡಿಯುವುದು ಅಂತಲೂ ನನಗೆ ಗೊತ್ತಿರಲಿಲ್ಲ. ನಾನು ಗಾಬರಿಯಾಗಿ ನಿನಗೆ ಫೋನ್ ಮಾಡಿದೆ. ನೀನು ಆ ಕಡೆಯಿಂದ, “ಏನೋ ಸದ್ದು ಬರ್ತಿದೆ ಅಂದ್ರೆ ನಂಗೆ ಹೇಗ್ರೀ ಗೊತ್ತಾಗ್ಬೇಕು? ಫೋನು ಅದರ ಹೊಟ್ಟೆಗೆ ಹಿಡೀರಿ” ಅಂದೆ.

ಅಲ್ಲಿಂದ ಶುರುವಾಯಿತು ನಮ್ಮ ಪದ್ಧತಿ. ಏನು ಕೆಟ್ಟರೂ ಸಂಜೆ ನಿನ್ನ ಡ್ಯೂಟಿ ಮುಗಿಯುವವರೆಗೆ ಯಾರೂ ಅದನ್ನು ಮುಟ್ಟುವಂತಿಲ್ಲ. ಆಮೇಲೆ ಫ್ಯಾನು ಆರಿಸಿ, ಕಿಟಕಿ ಹಾಕಿ, ಮೂವರೂ ಆ ಯಂತ್ರದ ಸುತ್ತ ನಿಲ್ಲಬೇಕು. ಫೋನು ಹಿಡಿಯುವ ಹಕ್ಕು ಸ್ಪ್ರಿಂಗುವಿನದು. ಎರಡೂ ಕೈಯಲ್ಲಿ ಹಿಡಿದು, ಅಜ್ಜಿ ಕೆಮ್ಮಿದರೂ “ಶ್! ಅಮ್ಮ ಕೇಳ್ತಿದಾಳೆ” ಅನ್ನುತ್ತಿದ್ದಳು. ಆ ಹುಡುಗಿ ಅಲುಗಾಡದೆ ನಿಂತದ್ದನ್ನು ನಾನು ನೋಡಿದ್ದು ಆ ಹೊತ್ತಿನಲ್ಲಿ ಮಾತ್ರ. ನೀನು ಸ್ವಲ್ಪ ಹೊತ್ತು ಕೇಳಿ, “ಅಡಿಯಲ್ಲಿ ಬಾಗಿಲ ಕಡೆಗಿರೋ ಸ್ಕ್ರೂ ಸಡಿಲ ಆಗಿದೆ, ಬಿಗಿ ಮಾಡಿ” ಅನ್ನುತ್ತಿದ್ದೆ. ನೋಡಿದರೆ ಅದೇ ಸ್ಕ್ರೂ! ಅಮ್ಮನಂತೂ, “ನನ್ನ ಸೊಸೆ ಅಷ್ಟು ದೂರದಿಂದ ಮಿಕ್ಸಿ ಕಿವಿ ಹಿಂಡ್ತಾಳೆ, ನೀನು ಪಕ್ಕದಲ್ಲೇ ನಿಂತು ಅದಕ್ಕೆ ಹೆದರ್ತೀಯ” ಅಂತ ಬಂದವರ ಎದುರೆಲ್ಲ ನನ್ನ ಮಾನ ಕಳೆಯುತ್ತಿದ್ದಳು.

ಒಂದು ಮಾತು ಹೇಳಲಾ? ಏನಾದರೂ ಕೆಟ್ಟರೆ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಎಲ್ಲ ಸರಿಯಿದ್ದ ದಿನ ನಮ್ಮ ಮಾತು ಎಷ್ಟು ಹೊತ್ತು? ಊಟ ಆಯ್ತಾ, ಆಯ್ತು, ನಿಂದು, ನಂದೂ ಆಯ್ತು, ಸರಿ ಹಾಗಾದ್ರೆ. ಮಿಕ್ಸಿ ಕೆಟ್ಟ ದಿನ ಗಂಟೆಗಟ್ಟಲೆ. ರಿಪೇರಿ ಮುಗಿದ ಮೇಲೂ ನೀನು, “ಇನ್ನೊಂದು ಸ್ವಲ್ಪ ಹೊತ್ತು ಹಾಗೇ ಇಡಿ, ಮನೆ ಸದ್ದು ಕೇಳಿಸ್ತಿದೆ” ಅನ್ನುತ್ತಿದ್ದೆ. ನಾವು ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು ನಮ್ಮ ಕೆಲಸ ನೋಡಿಕೊಳ್ಳುತ್ತಿದ್ದೆವು. ಅಮ್ಮ ಪಾತ್ರೆ ಜೋಡಿಸುವುದು, ನಲ್ಲಿ ತೊಟ್ಟಿಕ್ಕುವುದು, ಮೇಲಿನ ಮನೆಯವರು ಕುರ್ಚಿ ಎಳೆಯುವುದು, ಎಲ್ಲ ನಿನಗೆ ಹೋಗುತ್ತಿತ್ತು. ನೀನು ಮಾತಾಡುತ್ತಲೇ ಇರಲಿಲ್ಲ. ನೀನಿದ್ದೀಯ ಅಂತ ನಮಗೆ ಗೊತ್ತಿರುತ್ತಿತ್ತು, ಅಷ್ಟೇ.

ಆಮೇಲೆ ನನ್ನ ಹಳೆಯ ಫೋನಿಗೆ ಜಲಸಮಾಧಿಯಾಯಿತು. ಅದು ನಿನಗೂ ಗೊತ್ತು, ಆದರೆ ನೀನು ಒಳಗಿದ್ದೆ, ನಾವು ಹೊರಗಿದ್ದೆವು, ಆದ್ದರಿಂದ ನಮ್ಮ ಕಡೆಯ ಕಥೆಯನ್ನೂ ಕೇಳು. ವಾಷಿಂಗ್ ಮೆಷಿನ್ ಬಟ್ಟೆ ಒಗೆಯುವಾಗ ಕಟಕಟ ಅನ್ನುತ್ತಿತ್ತು. “ಇನ್ನೂ ಹತ್ತಿರ, ಇನ್ನೂ ಹತ್ತಿರ” ಅಂತ ನೀನು. ಸ್ಪ್ರಿಂಗು ಮುಚ್ಚಳ ತೆಗೆದು ಬಗ್ಗಿದಳು. ಬುಳುಕ್! ನೊರೆಯ ನೀರಿನಲ್ಲಿ, ನನ್ನ ಅಂಗಿಗಳ ಮಧ್ಯದಿಂದ, “ಹಲೋ? ಹಲೋ? ಈಗ ಬೇರೆ ಥರ ಸದ್ದು ಬರ್ತಿದೆ” ಅಂತ ನಿನ್ನ ದನಿ. ಅಮ್ಮ ನಕ್ಕು ನಕ್ಕು ನೆಲಕ್ಕೆ ಕೂತಳು, ಆಮೇಲೆ ಏಳಲಿಕ್ಕೆ ಆಗಲಿಲ್ಲ. ಸ್ಪ್ರಿಂಗು ಮಾತ್ರ ಭೋರೆಂದು ಅತ್ತಳು. “ಅಮ್ಮ ಮುಳುಗಿಹೋದ್ಲು” ಅಂತ. ನೀನು ಬೇರೆ ಫೋನಿಗೆ ಬಂದು ಮಾತಾಡುವವರೆಗೆ ಅವಳು ಅಳು ನಿಲ್ಲಿಸಲಿಲ್ಲ.

ಹೊಸ ಫೋನು ತಂದೆ. ಅಂಗಡಿಯವನು ಒಂದು ತಟ್ಟೆಯಷ್ಟು ದೊಡ್ಡದನ್ನು ಕೈಗಿಟ್ಟು, “ಸಾರ್, ಇದರಲ್ಲಿ ಮಾತು ಎಷ್ಟು ಚೆನ್ನಾಗಿ ಕೇಳುತ್ತೆ ಅಂದ್ರೆ ಸಂತೆಯಲ್ಲಿ ನಿಂತು ಮಾತಾಡಿದ್ರೂ ಆ ಕಡೆಯವರಿಗೆ ನೀವು ಪಕ್ಕದಲ್ಲೇ ಇದ್ದ ಹಾಗಿರುತ್ತೆ” ಅಂದ. ನನಗೂ ಬೇಕಾದದ್ದು ಅದೇ ಅಲ್ಲವೇ. ಖುಷಿಯಿಂದ ಹೊತ್ತುಕೊಂಡು ಬಂದೆ.

ಅದಾಗಿ ಸ್ವಲ್ಪ ದಿನಕ್ಕೆ ವಾಷಿಂಗ್ ಮೆಷಿನ್ ಬಟ್ಟೆಯನ್ನು ಸರಿಯಾಗಿ ಹಿಂಡದೆ ನೀರು ಸೋರುವಂತೆ ಹೊರಗೆ ಕೊಡತೊಡಗಿತು. ಪದ್ಧತಿಯ ಪ್ರಕಾರ ಫ್ಯಾನು ಆರಿಸಿದೆವು, ಕಿಟಕಿ ಹಾಕಿದೆವು, ಸುತ್ತ ನಿಂತೆವು. ಈ ಸಲ ಫೋನು ನಾನೇ ಹಿಡಿದೆ, ಹಿಂದಿನ ಅನುಭವದಿಂದ. ನೀನು ಬಹಳ ಹೊತ್ತು ಕಿವಿಗೊಟ್ಟು ಕೇಳಿ, “ಆನ್ ಮಾಡಿದೀರಾ?” ಅಂದೆ. ಮಾಡಿದ್ದೇವೆ ಅಂದೆ. “ಸದ್ದೇ ಇಲ್ಲವಲ್ರೀ. ಮೋಟರು ಸುಟ್ಟಿರಬೇಕು. ತುಂಬಾ ಹಳೇದು, ಪಾಪ, ದುಡಿದದ್ದು ಸಾಕು. ಕೊಟ್ಟುಬಿಡಿ, ಹೊಸದು ತನ್ನಿ” ಅಂದೆ. ನಿನ್ನ ದನಿ ಸಣ್ಣಗಾಗಿತ್ತು. ನಾವಿಬ್ಬರೂ ಸೇರಿ ಕೊಂಡ ಮೊದಲನೆಯ ಸಾಮಾನು ಅದು.

ಮೆಷಿನು ನನ್ನ ಕೈಯ ಕೆಳಗೇ ಗುಂಯ್ ಅನ್ನುತ್ತಿತ್ತು ಕಣೇ. ನನಗೆ ಕೇಳಿಸುತ್ತಿತ್ತು. ಅಮ್ಮನಿಗೂ ಕೇಳಿಸಿತು. ನೀನು ಫೋನು ಇಟ್ಟಮೇಲೆ, “ಇಷ್ಟು ಸದ್ದು ಮಾಡ್ತಿದೆ, ಇಲ್ಲ ಅಂತಾಳಲ್ಲೋ” ಅಂದಳು. ನಾನು, “ಸುಮ್ನಿರಮ್ಮ, ಅವಳಿಗೆ ಗೊತ್ತು. ಇದು ಬೇರೆ ಯಾವುದೋ ಸದ್ದು” ಅಂದೆ. ನೀನು ಇಲ್ಲ ಅಂದಮೇಲೆ ಇಲ್ಲ. ಯಂತ್ರದ ವಿಷಯದಲ್ಲಿ ನನ್ನ ಕಿವಿಯನ್ನು ನಂಬುವ ಅಭ್ಯಾಸವೇ ನನಗಿರಲಿಲ್ಲ. ಮಾರನೆಯ ದಿನ ಗುಜರಿಯವನು ಬಂದು ತಳ್ಳುಗಾಡಿಯಲ್ಲಿ ಹಾಕಿಕೊಂಡು ಹೋದ.

ಗುಟ್ಟು ಬಯಲಾದದ್ದು ಬಹಳ ತಿಂಗಳ ಮೇಲೆ, ಇದೇ ಅಂಗಡಿಯಲ್ಲಿ. ನೀನು ಮಧ್ಯಾಹ್ನ ಫೋನ್ ಮಾಡಿದ್ದೆ. ಗಾಜು ಉಜ್ಜುವ ಯಂತ್ರ ನನ್ನ ಮೊಣಕೈ ಪಕ್ಕದಲ್ಲೇ ಕಿವಿ ಕಿತ್ತುಹೋಗುವಂತೆ ಅರಚುತ್ತಿತ್ತು. ನೀನು, “ಇವತ್ತು ಅಂಗಡಿ ಎಷ್ಟು ಶಾಂತವಾಗಿದೆ, ರಜಾನಾ?” ಅಂದೆ. ಅವತ್ತೇ ಫೋನಿನ ಅಂಗಡಿಯವನನ್ನು ಹೋಗಿ ಕೇಳಿದೆ. ಅವನು ಹೆಮ್ಮೆಯಿಂದಲೇ ಹೇಳಿದ: ಈ ಫೋನು ಮನುಷ್ಯರ ಮಾತನ್ನು ಮಾತ್ರ ಆರಿಸಿ ಕಳಿಸುತ್ತದಂತೆ, ಉಳಿದ ಸದ್ದನ್ನೆಲ್ಲ ತಾನೇ ಒರೆಸಿಹಾಕುತ್ತದಂತೆ. ಫ್ಯಾನು, ಮೋಟರು, ಪಾತ್ರೆ, ನಲ್ಲಿ, ಕುರ್ಚಿ, ಯಾವುದೂ ಹೋಗುವುದಿಲ್ಲ. ಬೇಡದ್ದೆಲ್ಲ ಹೋಗಲ್ಲ ಸಾರ್ ಅಂದ. ನೀನು ಅಷ್ಟು ದಿನ ಸಂಜೆ ಸಂಜೆ ಫೋನು ಕಿವಿಗಿಟ್ಟುಕೊಂಡು ಮನೆಯ ಸದ್ದಿಗೆ ಕಾದಿದ್ದೀಯ, ನಿನಗೆ ಬಂದದ್ದು ಬರೀ ಮೌನ. ಆಮೇಲಾಮೇಲೆ ನೀನೂ “ಹಾಗೇ ಇಡಿ” ಅನ್ನುವುದನ್ನು ಬಿಟ್ಟೆ. ನಿನಗೆ ಬೇಸರ ಬಂದಿರಬೇಕು ಅಂತ ನಾನಂದುಕೊಂಡೆ. ಮನೆಯೇ ಸುಮ್ಮನಾಗಿದೆ ಅಂತ ನೀನಂದುಕೊಂಡೆಯೇನೋ.

ಇದನ್ನು ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ನಿನ್ನ ಕಿವಿ ತಪ್ಪಿದ್ದಲ್ಲ, ಸದ್ದು ನಿನ್ನ ತನಕ ಬರಲೇ ಇಲ್ಲ, ಅಷ್ಟು ತಿಳಿದುಕೋ. ಮೋಟರಿಗೆ ಏನೂ ಆಗಿರಲಿಲ್ಲ, ಒಳಗಿನ ಬೆಲ್ಟು ಸಡಿಲವಾಗಿತ್ತು. ಹೇಗೆ ಗೊತ್ತು ಅಂತೀಯ? ನಮ್ಮ ಮೆಷಿನು ಬದುಕಿದೆ. ನಮ್ಮ ಬೀದಿಯ ತಿರುವಿನಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಹೆಂಗಸಿನ ಅಂಗಡಿ ಇದೆಯಲ್ಲ, ಗುಜರಿಯವನು ಅವಳಿಗೆ ಕೊಟ್ಟಿದ್ದಾನೆ, ಅವಳು ಬೆಲ್ಟು ಹಾಕಿಸಿಕೊಂಡಿದ್ದಾಳೆ. ಬಾಗಿಲ ಪಕ್ಕದಲ್ಲೇ ಇಟ್ಟಿದ್ದಾಳೆ. ಸ್ಪ್ರಿಂಗು ಅಂಟಿಸಿದ್ದ ಮೀನಿನ ಚಿತ್ರ ಇನ್ನೂ ಅರ್ಧ ಉಳಿದಿದೆ. ಅಂಗಡಿಗೆ ಬರುವಾಗ ದಿನಾ ಅಲ್ಲಿ ಒಂದು ಗಳಿಗೆ ನಿಲ್ಲುತ್ತೇನೆ. ಅದು ನೀರು ತುಂಬಿಕೊಂಡು, ಒಂದು ಸಲ ಮುಲುಗಿ, ಆಮೇಲೆ ತಿರುಗಲು ಶುರುಮಾಡುತ್ತದೆ, ಮೊದಲಿನ ಹಾಗೆಯೇ. ಆ ಸದ್ದು ಕೇಳಿದರೆ ನೀನು ತಲೆಗೂದಲು ಗಂಟು ಹಾಕಿಕೊಂಡು ಅದರ ಮುಚ್ಚಳದ ಮೇಲೆ ಟೀ ಲೋಟ ಇಟ್ಟು ನಿಂತಿರುತ್ತಿದ್ದದ್ದು ಕಣ್ಣಿಗೆ ಕಟ್ಟುತ್ತದೆ. ಮೊನ್ನೆ ಆ ಹೆಂಗಸು, “ಏನ್ ಸಾರ್, ದಿನಾ ನಿಲ್ತೀರಾ, ಬಟ್ಟೆ ಮಾತ್ರ ತರಲ್ಲ” ಅಂತ ಕೇಳಿಯೇಬಿಟ್ಟಳು. ನಾಚಿಕೆಯಾಗಿ ಮಾರನೆಯ ದಿನ ಒಗೆದ ಅಂಗಿಗಳನ್ನೇ ಮತ್ತೆ ಒಗೆಯಲು ಕೊಟ್ಟು ಬಂದೆ.

ಹೊಸ ಮೆಷಿನ್ನಿನ ವಿಷಯ ಕೇಳು. ಅದಕ್ಕೆ ತಿರುಗಿಸುವ ಗುಂಡಿಯಿಲ್ಲ, ಬರೀ ಗಾಜು. ಒಗೆದು ಮುಗಿದರೆ ಹಾಡುತ್ತದೆ. ಫ್ರಿಜ್ಜೂ ಹೊಸದು, ಬಾಗಿಲು ತೆರೆದು ಸ್ವಲ್ಪ ನಿಂತರೆ ಕೂಗಿಕೊಳ್ಳುತ್ತದೆ. ಅಮ್ಮ ಅದರ ಜೊತೆ ಮಾತು ಬಿಟ್ಟಿದ್ದಾಳೆ. “ನನ್ನ ಅಡುಗೆಮನೆಯಲ್ಲಿ ನನ್ನನ್ನೇ ಗದರಿಸೋಕೆ ಇದ್ಯಾರು? ನನ್ನ ಅತ್ತೆ ಕೂಡ ಇಷ್ಟು ಜೋರು ಮಾಡಿರಲಿಲ್ಲ” ಅನ್ನುತ್ತಾಳೆ. ಹಾಲು ಬೇಕಾದರೆ ಬಾಗಿಲು ತೆರೆದು, ಕಳ್ಳಿಯ ಹಾಗೆ ಗಬಕ್ಕನೆ ತೆಗೆದು, ದಢಾರನೆ ಮುಚ್ಚುತ್ತಾಳೆ. ಈ ಯಾವ ಸಾಮಾನಿಗೂ ಹೊರಗಡೆ ಒಂದು ಸ್ಕ್ರೂ ಕಾಣುವುದಿಲ್ಲ. ಬಿಚ್ಚಿದರೆ ಗ್ಯಾರಂಟಿ ಹೋಗುತ್ತದಂತೆ. ಏನಾದರೂ ಆದರೆ ಕಂಪನಿಗೆ ಫೋನ್ ಮಾಡಬೇಕು, ಅವರ ಕಡೆಯ ಒಬ್ಬ ಬಂದು, ಒಳಗಿನದನ್ನೆಲ್ಲ ಇಡಿಯಾಗಿ ತೆಗೆದು, ಬೇರೆ ಇಟ್ಟು ಹೋಗುತ್ತಾನೆ. ಏನಾಗಿತ್ತು ಅಂತ ಕೇಳಿದರೆ ಅವನಿಗೂ ಗೊತ್ತಿರುವುದಿಲ್ಲ.

ಇದರಲ್ಲೆಲ್ಲ ನಮ್ಮ ಸ್ಪ್ರಿಂಗು ಪಳಗಿಬಿಟ್ಟಿದ್ದಾಳೆ. ಒಂದು ಒತ್ತಬೇಕಾ, ಎರಡು ಒತ್ತಬೇಕಾ, ಎಲ್ಲ ಅವಳಿಗೆ ಬಾಯಿಪಾಠ. ಕಂಪನಿಯವರು ಲೈನಿನಲ್ಲಿ ಕಾಯಿಸುವಾಗ ಒಂದು ಸಂಗೀತ ಹಾಕುತ್ತಾರಲ್ಲ, ಸ್ನಾನ ಮಾಡುವಾಗ ಅದನ್ನೇ ಗುನುಗುತ್ತಾಳೆ. ಗೊಂಬೆಗಳನ್ನು ಸಾಲಾಗಿ ಕೂರಿಸಿ, “ನಿಮ್ಮ ಕರೆ ನಮಗೆ ಅಮೂಲ್ಯ, ದಯವಿಟ್ಟು ಕಾಯಿರಿ” ಅಂತ ಕಾಯಿಸುತ್ತಾಳೆ. ಅಜ್ಜಿ ಊಟಕ್ಕೆ ಕರೆದರೂ ಅದೇ ಉತ್ತರ. ನಾವು ನಗುತ್ತೇವೆ.

ಕಳೆದ ವಾರ ಹೊಸ ಫ್ರಿಜ್ಜೂ ಒಂದು ದಿನ ನಿಂತುಹೋಗಿತ್ತು. ನಿನಗೆ ಫೋನ್ ಮಾಡಲಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಈಗ ನಿನ್ನ ಪ್ರಶ್ನೆ. ನೀನು ಇಲ್ಲಿದ್ದಾಗ ಊರವರ ಮಿಕ್ಸಿ, ಇಸ್ತ್ರಿ ಪೆಟ್ಟಿಗೆ ಬಿಚ್ಚಿ ಬಿಚ್ಚಿ, ಸಂಜೆ ಬೆರಳ ಮಸಿ ತೊಳೆಯುತ್ತಾ, “ಒಂದಿನ ದೊಡ್ಡ ಯಂತ್ರ ಮುಟ್ಬೇಕು ಕಣ್ರೀ, ಮನುಷ್ಯನ ಒಳಗೆಲ್ಲ ತೋರಿಸುತ್ತಲ್ಲ, ಅಂಥದ್ದು” ಅನ್ನುತ್ತಿದ್ದದ್ದು ನಾನು ಮರೆತಿಲ್ಲ. ಈಗ ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗಿ ಅವನ್ನೇ ಸರಿಮಾಡುತ್ತೀಯ. ನಿನ್ನ ಹಿಂದಿನ ಕಾಗದದಲ್ಲಿ, ನಿಂತುಹೋಗಿದ್ದ ಒಂದು ಯಂತ್ರ ನಿನ್ನ ಕೈಯಲ್ಲಿ ಮತ್ತೆ ಶುರುವಾದಾಗ ಕಾಯುತ್ತಿದ್ದ ರೋಗಿಗಳು ಚಪ್ಪಾಳೆ ತಟ್ಟಿದರು ಅಂತ ಬರೆದಿದ್ದೀಯಲ್ಲ, ಅದನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಆ ಪುಟವನ್ನು ಕಿತ್ತುಕೊಂಡು ಪಕ್ಕದ ಮನೆಗೆ ತೋರಿಸಲು ಹೋದಳು, ಮಂಡಿನೋವು ಆ ಹೊತ್ತಿಗೆ ಇರಲಿಲ್ಲ. ನಿನ್ನ ಕೈಗೆ ತಕ್ಕ ಕೆಲಸ ಅದು. ನಾನು ಬಾ ಅಂದರೆ ನೀನು ಬರುತ್ತೀಯ, ನನಗೆ ಗೊತ್ತು. ಅದಕ್ಕೇ ಅನ್ನಲು ಭಯ. ಮತ್ತೆ ಇಲ್ಲಿ ಕೂತು ಯಾರದೋ ಇಸ್ತ್ರಿ ಪೆಟ್ಟಿಗೆಯ ವಯರು ಸುತ್ತುತ್ತಾ, ಒಂದು ದಿನವೂ ನನಗೆ ಒಂದು ಮಾತೂ ಅನ್ನದೆ ಇದ್ದುಬಿಡುತ್ತೀಯಲ್ಲ, ಆ ಒಳ್ಳೆಯತನ ನನಗೆ ಬೇಡ. ಸಹಿ ಹಾಕು. ಇಲ್ಲಿ ಎಲ್ಲ ನಡೆಯುತ್ತದೆ. ಎರಡು ವರ್ಷ ಹೋಗಿಲ್ಲವೇ, ಇನ್ನೆರಡೂ ಹೋಗುತ್ತವೆ.

ಗಿರಾಕಿ ಬಂದರು, ವಯಸ್ಸಾದವರು, ಹೆಂಡತಿಯ ಕನ್ನಡಕವನ್ನೇ ತಮ್ಮದೆಂದು ಹಾಕಿಕೊಂಡು ಬಂದಿದ್ದಾರೆ. ಮುಗಿಸುತ್ತೇನೆ. ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ, ನೂರು ವರ್ಷ ಕೈ ಗಟ್ಟಿಯಾಗಿರಲಿ ಅಂತ, ಹೊತ್ತಿಗೆ ಸರಿಯಾಗಿ ಊಟ ಮಾಡು ಅಂತಲೂ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಕರೆಂಟಿನ ಜೊತೆ ಕೆಲಸ, ಹುಷಾರು.

ಎಂದೆಂದೂ ನಿನ್ನವನೇ,
ಕನ್ನಡಕದವನು

ತಾ.ಕ.: ಲಕೋಟೆ ಅಂಟಿಸಿ, ಮತ್ತೆ ಬಿಚ್ಚಿದ್ದೇನೆ. ಮೇಲಿನದೆಲ್ಲ ನಿಜ, ಆದರೆ ಆಮೇಲೆ ಹೇಳುತ್ತೇನೆ ಅಂದದ್ದು ಹಾಗೇ ಉಳಿದಿತ್ತು.

ಫ್ರಿಜ್ಜು ನಿಂತ ಸಂಜೆ ನಾನು ಖುಷಿಯಿಂದಲೇ ಫ್ಯಾನು ಆರಿಸಿದೆ, ಕಿಟಕಿ ಹಾಕಿದೆ. ಅಂಗಡಿಯ ಹಳೆಯ ಫೋನೊಂದನ್ನು ಸರಿಮಾಡಿಸಿ ತಂದಿಟ್ಟುಕೊಂಡಿದ್ದೆ, ಎಲ್ಲ ಸದ್ದನ್ನೂ ಕಳಿಸುವಂಥದ್ದು. ಅಮ್ಮ ಬಂದು ನಿಂತಳು. ಅದನ್ನು ಸ್ಪ್ರಿಂಗುವಿನ ಕೈಗೆ ಕೊಟ್ಟು, “ಬಾ ಕಂದ, ಅಮ್ಮನಿಗೆ ಫೋನ್ ಮಾಡೋಣ” ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಸಿಟ್ಟಿನಿಂದಲ್ಲ ಕಣೇ, ಬೇಜಾರಿನಿಂದಲೂ ಅಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದಳು: “ಅಮ್ಮನಿಗ್ಯಾಕಪ್ಪಾ? ಕಂಪನಿಯವರಿಗೆ ಮಾಡು.”

ಅಮ್ಮ ಹೋಗಿ ಕಿಟಕಿ ತೆರೆದಳು. ಕಂಪನಿಯವನು ಬಂದು ಸರಿಮಾಡಿ ಹೋದ. ಈಗ ಮನೆಯಲ್ಲಿ ಕೆಟ್ಟುಹೋದದ್ದು ಯಾವುದೂ ಇಲ್ಲ. ಸಹಿ ಹಾಕಬೇಡ, ಬಂದುಬಿಡು.